ಸರದಾರನ ಎಡಹುಬ್ಬು

೧೯೨೨ನೆಯ ಇಸವಿಯಲ್ಲಿ ನಾನು ಸಾಲೆ ಬಿಟ್ಟೆ. ಕನ್ನಡ ಆರನೆಯ ಇಯತ್ತೆ ಅರ್ಧಕ್ಕೇ ನಿಂತಿತು. ಬುದ್ಧಿ ಸಾಲದೆ ಬಿಟ್ಟವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಳೆಗಾಲದಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡರು. ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ಒಬ್ಬ ಸಾವಕಾರರ ಅಂಗಡಿಯಲ್ಲಿ ಅವರು ತೂಕದವರು. ಮುಂಜಾನೆಯಿಂದ ದೀಪ ಹಚ್ಚುವತನಕ ದೊಡ್ಡ ತಕ್ಕಡಿಯ ಪಕ್ಕ ನಿಂತು ಅರಳೆ ತುಂಬಿದ ಅಂಡಿಗೆಗಳನ್ನು ತೂಗುವುದು ಅವರ ಕೆಲಸ. ತಕ್ಕಡಿಯ ಮುಳ್ಳು ನಡುವೆ ಬಂದು ನಿಲ್ಲುವವರೆಗೆ ಎಡಹುಬ್ಬನ್ನು ಮೇಲಕ್ಕೆತ್ತಿ, ತುಟಿ ಬಿಗಿಹಿಡಿದು ನೋಡುತ್ತಿದ್ದರು. ನಾನು ಮಧ್ಯಾಹ್ನದ ಬುತ್ತಿ ಒಯ್ದಾಗ ಕಂಡದ್ದು ಯಾವಾಗಲೂ ಆ ಹುಬ್ಬನ್ನೇ. ನನ್ನನ್ನು ಕಂಡರೂ ಅದು ಇಳಿಯುತ್ತಿರಲಿಲ್ಲ. ಮುಳ್ಳು ನಿಂತ ಮೇಲೆಯೇ ಇಳಿಯುತ್ತಿತ್ತು.

ಸಾಲೆಯಲ್ಲಿ ನನ್ನ ಪಕ್ಕ ಒಂದೇ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದ ಗೆಳೆಯ ಮುಂದೆ ಓದಿದ. ಮುಲ್ಕಿ ಪರೀಕ್ಷೆ ಪಾಸಾದ. ಧಾರವಾಡಕ್ಕೆ ಹೋಗಿ ಇಂಗ್ಲಿಷು ಕಲಿತ. ಮುಂಬಯಿಗೆ ಹೋಗಿ ಚಿತ್ರಕಲೆಯ ಪರೀಕ್ಷೆ ಕೊಟ್ಟು ಬಂದು, ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದ. ಅವನ ಪಾಟಿಯ ಮೇಲೆ ಆನೆ ಬರೆದುಕೊಡುತ್ತಿದ್ದವನು ನಾನು. ಅವನು ಬರೆದರೆ ಅದು ಎಮ್ಮೆಯಾಗುತ್ತಿತ್ತು. ಈ ಮಾತನ್ನು ನಾನು ಊರಲ್ಲಿ ಯಾರಿಗೂ ಹೇಳಿಲ್ಲ, ಆದರೆ ಅವನು ಕೋಟು ಹಾಕಿಕೊಂಡು ಸ್ಟೇಶನ್ನಿನಿಂದ ಇಳಿದು ಬರುವಾಗಲೆಲ್ಲ ನನಗೆ ಆ ಎಮ್ಮೆಗಳು ನೆನಪಾಗುತ್ತಿದ್ದವು.

ನಾನು ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಮುಸಲ್ಮಾನ ಚಾಚಾನ ಕೈಕೆಳಗೆ ಚೌಕಟ್ಟು ಕಟ್ಟುವ ಕೆಲಸ ಕಲಿತೆ. ನಾಲ್ಕು ಕಟ್ಟಿಗೆ ಕೂಡಿಸಿ ಗಾಜು ಹಾಕುವುದು ಯಾರಿಗೂ ಬಂದೀತು ಎಂದು ಮಂದಿ ತಿಳಿದಿದ್ದಾರೆ. ಮೂಲೆ ಕೂಡಿದಲ್ಲಿ ಕೂದಲೆಳೆ ಹೋಗಬಾರದು. ಚಾಚಾ ನಿಜವಾಗಿಯೂ ತನ್ನ ಗಡ್ಡದ ಕೂದಲು ಕಿತ್ತು ಪರೀಕ್ಷೆ ಮಾಡುತ್ತಿದ್ದ. "ಹೋತು ನೋಡು, ನನ್ನ ಗಡ್ಡಾ ಪೂರಾ ನಿನ್ನ ಮೂಲ್ಯಾಗ ಹೊಂಟೈತಿ" ಎಂದು ಬೈದು ಬಿಚ್ಚಿಸುತ್ತಿದ್ದ. ಅವನ ಮಕ್ಕಳು ಸೊಲ್ಲಾಪುರದ ಮಿಲ್ಲು ಸೇರಿದರು, ಅವನು ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು. ದುಡಿದು ಮಾಡಿಕೊಂಡದ್ದು. ಯಾರ ಮುಂದೆಯೂ ಕೈಯೊಡ್ಡಿಲ್ಲ.

ನಮ್ಮ ಕಡೆ ಪೇಟೆಯಲ್ಲಿ ಒಂದು ರೂಢಿ. ವ್ಯಾಪಾರಿಯ ಗಾದಿಯ ಮೇಲುಗಡೆ ಗೋಡೆಗೆ ಹಿರಿಯರ ಮುಖ ಇರಬೇಕು. ಗಂಧದ ಹಾರ, ಗಾಜಿನ ಮೇಲೆ ವಿಭೂತಿ. ಆ ಮುಖವಿಲ್ಲದ ಅಂಗಡಿಗೆ ಹಳ್ಳಿಯ ರೈತನೂ ಹತ್ತುವ ಮುನ್ನ ಒಂದು ಸಲ ಯೋಚಿಸುತ್ತಾನೆ: ನಿನ್ನೆ ಮೊನ್ನೆ ಬಂದವನು, ನಾಳೆ ಇರುತ್ತಾನೋ ಇಲ್ಲವೋ. ದೀಪಾವಳಿಯ ಮುಂಚೆ ನನ್ನ ಅಂಗಡಿಯಲ್ಲಿ ಊರವರ ಅಪ್ಪಂದಿರು, ಅಜ್ಜಂದಿರು ಸಾಲಾಗಿ ಗೋಡೆಗೆ ಒರಗಿ ಕೂಡುತ್ತಿದ್ದರು. ಅವರ ಮುಖದ ಧೂಳು ಒರೆಸುವುದು, ಹುಳ ತಿಂದ ಕಟ್ಟಿಗೆ ಬದಲಿಸುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಅಪ್ಪನ ಫೋಟೋ ಇಲ್ಲ. ಜೀವದಲ್ಲಿದ್ದಾಗ ಯಾರೂ ತೆಗೆಸಲಿಲ್ಲ. ಹಿರಿಯರ ಹಬ್ಬದ ದಿನ ಅವ್ವ ಒಂದು ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಬಳಿದು, ಅದರ ಮುಂದೆ ಹೊಸ ಧೋತರ ಇಟ್ಟು ಎಡೆ ಹಿಡಿಯುತ್ತಿದ್ದಳು. ಆ ದಿನ ನಮ್ಮಪ್ಪ ತಂಬಿಗೆಯಾಗಿರುತ್ತಿದ್ದರು.

ಪಕ್ಕದ ಮನೆಯವನ ಅಪ್ಪ ಇಸ್ಪೀಟು ಆಡಿ ಹೊಲ ಕಳೆದವನು. ಅವನ ಫೋಟೋ ಇತ್ತು, ಕುರ್ಚಿಯ ಮೇಲೆ ಕುಳಿತು, ಕೈಯಲ್ಲಿ ಕೊಡೆ ಹಿಡಿದುಕೊಂಡು! ಅದಕ್ಕೆ ಚೌಕಟ್ಟು ಹಾಕಿದವನೂ ನಾನೇ. ನಾನು ಅವ್ವನ ಮುಖದವನು, ಕನ್ನಡಿಯಲ್ಲಿ ಹುಡುಕಿದರೂ ಅಪ್ಪ ಸಿಗುತ್ತಿರಲಿಲ್ಲ. ಮಂದಿಯ ಅಪ್ಪಂದಿರನ್ನು ಒರೆಸಿ ಒರೆಸಿ ಹೊಟ್ಟೆಯೊಳಗೆ ಒಂದು ಉರಿ ನಿಂತುಬಿಟ್ಟಿತ್ತು. ಅಪ್ಪನದೊಂದು ಮುಖ ಗೋಡೆಯ ಮೇಲೆ ಬೇಕು. ಬೇರೆ ಏನೂ ನಾನು ಬೇಡಿದವನಲ್ಲ.

ಅಂಗಡಿ ನನ್ನದಾಗಿ ಕೆಲವು ವರ್ಷ ಕಳೆದಿತ್ತು. ಒಂದು ದಿನ ಡ್ರಾಯಿಂಗ್ ಮಾಸ್ತರ ಟಾಂಗಾದಿಂದ ಇಳಿದು, ತೊಗಲಿನ ಒಂದು ದೊಡ್ಡ ಗಂಟನ್ನು ನನ್ನ ಹಲಗೆಯ ಮೇಲೆ ಇಟ್ಟ.

"ಏನಪಾ ಚೌಕಟ್ಟಿನ ಸಾವಕಾರ, ಊರ ದೇವ್ರಿಗೆಲ್ಲಾ ಗಾಜ ಹಾಕಿ ಮುಗಿಸಿದೇನು?"

"ದೇವ್ರು ಮುಗೀತಾವೇನಲೇ? ನಿಮ್ಮ ಪರೀಕ್ಷಾ ಇದ್ದಾಂಗ, ವರ್ಷಾ ಬರ್ತಾವ" ಎಂದೆ.

ಧಾರವಾಡದ ಒಬ್ಬ ಗೋರಾ ಸಾಹೇಬ ನೌಕರಿ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದನಂತೆ. ಬಂಗಲೆಯ ಮುಂದಿನ ಬೇವಿನ ಗಿಡದ ಕೆಳಗೆ ಅವನ ಸಾಮಾನು ಲಿಲಾವಾಯಿತು. ಕುರ್ಚಿ, ಮಂಚ, ಪಿಂಗಾಣಿ ತಾಟು, ನಾಯಿಯ ಸರಪಳಿ ಕೂಡ ಮಂದಿ ಬೆಲೆ ಕೂಗಿ ಕೂಗಿ ಒಯ್ದರು. ಈ ಗಂಟನ್ನು ಯಾರೂ ಮುಟ್ಟಲಿಲ್ಲ. ಮಾಸ್ತರ ಕೈ ಎತ್ತಿದ, ಅದು ಅವನದಾಯಿತು. ಅವನ ನಸೀಬು ಯಾವಾಗಲೂ ಹಾಗೆಯೇ.

ಬಿಚ್ಚಿದರೆ ಒಳಗೆ ಹಾಳೆಗಳು, ಒಂದೊಂದೂ ರೊಟ್ಟಿಯ ಹಂಚಿನಷ್ಟು ಅಗಲ. ಭುಜದವರೆಗೆ ಸುರುಳಿ ಕೂದಲಿನ ಟೋಪ ಹಾಕಿಕೊಂಡ ಗಂಡಸರು, ಉದ್ದ ಕೊರಳಿನ ಹೆಂಗಸರು, ಒಬ್ಬಳ ಮಡಿಲಲ್ಲಿ ಸಣ್ಣ ನಾಯಿ. ಎಲ್ಲ ಕಪ್ಪು ಬಿಳುಪು. ಕೆಳಗೆ ಬಳುಕುವ ಇಂಗ್ಲಿಷು ಅಕ್ಷರ.

"ಯಾರಲೇ ಇವ್ರು?"

"ಇಂಗ್ಲಂಡದ ಸರದಾರ್ರು. ನಮ್ಮ ಕಡೆ ದೇಸಾಯ್ರು ಇದ್ದಾಂಗ."

"ಫೋಟೋ ಏನು?"

"ಫೋಟೋ ಅನ್ನೂದು ಹುಟ್ಟೂಕಿಂತ ಮದಲಿನ ಮಂದಿ ಇವ್ರು. ಯಾರೋ ಚಿತ್ರಗಾರ ಇವ್ರನ್ನ ಎದುರಿಗೆ ಕೂಡ್ರಿಸಿಕೊಂಡು ಬಣ್ಣದಾಗ ಬರದ. ಅಂವ ಸತ್ತು ಎಷ್ಟೋ ವರ್ಷಕ್ಕ ಇನ್ನೊಬ್ಬಾಂವ ಆ ಚಿತ್ರಾ ಮುಂದ ಇಟಗೊಂಡು ತಾಮ್ರದ ತಗಡಿನ ಮ್ಯಾಲೆ ಉಳೀಲೆ ಕೊರದ. ತಗಡಿಗೆ ಮಸಿ ಹಚ್ಚಿ ಕಾಗದಕ್ಕ ಒತ್ತಿದ್ರ ಇದು. ಇಲ್ಲಿ ನೋಡು, ಎಡಕ್ಕ ಬರದಾವನ ಹೆಸರು, ಬಲಕ್ಕ ಕೊರದಾವನ ಹೆಸರು."

ನಾನು ಭೂತಗನ್ನಡಿ ಹಿಡಿದು ನೋಡಿದೆ. ಕೆನ್ನೆ ಎಂದು ಕಂಡದ್ದು ಸಾವಿರ ಗೆರೆ. ನೆರಳಿರುವಲ್ಲಿ ಗೆರೆ ಒತ್ತೊತ್ತಾಗಿ, ಬೆಳಕಿರುವಲ್ಲಿ ದೂರ ದೂರವಾಗಿ, ಬರೀ ಚುಕ್ಕೆಯಾಗಿ ಕರಗಿಹೋಗಿತ್ತು. ಒಬ್ಬ ಮನುಷ್ಯ ಎಷ್ಟು ತಿಂಗಳು ಬಗ್ಗಿ ಕುಳಿತು ಇದನ್ನು ಕೊರೆದಿರಬೇಕು! ಕೈಕೆಲಸದವನಾದ ನನಗೆ ಆ ದುಡಿಮೆ ಅರ್ಥವಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಈ ಸರದಾರರು ಏನು ಮಾಡಿದ್ದರು? ಒಂದು ಕಡೆ ಕುಳಿತಿದ್ದರು, ಅಷ್ಟೆ. ಅದಕ್ಕೆ ಒಬ್ಬ ಬಣ್ಣದಲ್ಲಿ ಬರೆದ, ಇನ್ನೊಬ್ಬ ತಾಮ್ರದಲ್ಲಿ ಕೊರೆದ, ಮತ್ತೊಬ್ಬ ಕಾಗದಕ್ಕೆ ಒತ್ತಿದ, ಸಮುದ್ರ ದಾಟಿ ಧಾರವಾಡದ ಬೇವಿನ ಗಿಡದ ಕೆಳಗೂ ಬಂದರು. ನಮ್ಮಪ್ಪ ಜೀವಮಾನವೆಲ್ಲ ನಿಂತಿದ್ದರು. ಅವರ ಮುಖ ಒಂದು ಚೀಟಿಯ ಮೇಲೂ ಉಳಿಯಲಿಲ್ಲ.

ಹೀಗೆ ಹಾಳೆ ತಿರುವುತ್ತಿದ್ದಾಗ ನನ್ನ ಕೈ ನಿಂತಿತು.

ಒಬ್ಬ ಮುದಿ ಸರದಾರ, ತಲೆಗೆ ಅದೇ ಸುರುಳಿ ಕೂದಲಿನ ಟೋಪ. ಎದೆಯ ಮೇಲೆ ಬೆಳ್ಳಿಯ ನಕ್ಷತ್ರ, ಅಡ್ಡ ಒಂದು ಅಗಲ ಪಟ್ಟಿ. ಎಡಹುಬ್ಬು ಮೇಲಕ್ಕೆದ್ದಿತ್ತು. ತುಟಿ ಬಿಗಿಹಿಡಿದಿದ್ದ. ಎದುರಿಗೆ ಎಲ್ಲೋ ತಕ್ಕಡಿಯ ಮುಳ್ಳು ಇನ್ನೂ ನಿಂತಿಲ್ಲ ಎನ್ನುವ ಹಾಗೆ ನೋಡುತ್ತಿದ್ದ.

"ಇದು ನಮ್ಮಪ್ಪ" ಎಂದೆ.

ಮಾಸ್ತರ ನಗಲಿಲ್ಲ. ಅವನೂ ಸಣ್ಣವನಿದ್ದಾಗ ನಮ್ಮಪ್ಪನನ್ನು ನೋಡಿದವನು. ಹಾಳೆಯನ್ನು ಬೆಳಕಿಗೆ ಹಿಡಿದು, "ಹೌದಲೇ" ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನ ಮಾಸ್ತರಿಕೆ ಎದ್ದಿತು. "ಆದರ ಒಂದ ಮಾತು. ಈ ನಕ್ಷತ್ರ ಎಡಗಡೆ ಎದಿ ಮ್ಯಾಲೆ ಇರಬೇಕು, ಇಲ್ಲಿ ಬಲಕ್ಕೈತಿ. ಅಂದ್ರ ಕೊರದಾಂವ ಚಿತ್ರಾ ಹೆಂಗಿತ್ತೋ ಹಂಗ ಕೊರದಾನ, ಒತ್ತಿದಾಗ ಎಡಾ ಬಲಾ ತಿರುಗೇತಿ. ಖರೇ ಅಂದ್ರ ಸರದಾರ ಎತ್ತಿದ್ದು ಬಲಹುಬ್ಬು."

ನನಗೆ ಅದು ಇನ್ನೂ ಹಿಡಿಸಿತು. ಹಾಗಾದರೆ ಆ ಸರದಾರ ನಮ್ಮಪ್ಪನ ಹಾಗಿರಲಿಲ್ಲ, ಅವನ ಬಣ್ಣದ ಚಿತ್ರವೂ ಅಲ್ಲ. ಈ ಕಾಗದ ಮಾತ್ರ ನಮ್ಮಪ್ಪ.

"ಕೊಡು ನನಗ" ಎಂದೆ. ಬೆಲೆ ಹೇಳು ಎಂದೂ ಅಂದೆ.

"ಬೆಲಿ ಮಾತ ತಗೀಬ್ಯಾಡ. ಹಂಗ ಒಯ್ದ ಗ್ವಾಡಿಗೆ ಹಾಕಿದ್ರ ಮಂದಿ ನಿಮ್ಮಪ್ಪಗ ಯಾವಾಗ ಜಡಿ ಬಂತು ಅಂತ ನಗ್ತಾರ. ನಾ ಮ್ಯಾಲ ಬಣ್ಣಾ ಹಚ್ಚಿ ರುಮಾಲ ಸುತ್ತಿ ಕೊಡ್ತೇನಿ. ನಿಂದ ಅಂತ ತಗದ ಇಡ್ತೇನಿ, ಆತಿಲ್ಲೋ?"

ಆ ಮಾತಿನಿಂದಲೇ ಅವನ ತಲೆಯಲ್ಲಿ ಮುಂದಿನ ವ್ಯಾಪಾರ ಹುಟ್ಟಿತು. ಹಿರಿಯರ ಫೋಟೋ ಇಲ್ಲದ ವ್ಯಾಪಾರಿಗಳು ಪೇಟೆಯಲ್ಲಿ ಬೇಕಾದಷ್ಟು ಇದ್ದರು. ಅವರು ರವಿವಾರ ರೈಲು ಹತ್ತಿ ಧಾರವಾಡಕ್ಕೆ ಹೋಗಿ ಮಾಸ್ತರನ ಮುಂದೆ ಕೂಡುವರು. ಇವನು ಹಾಳೆ ಹರಡಿ, "ಇವ್ರಾಗ ನಿಮ್ಮ ಹಿರೇರು ಯಾರಂಗ ಇದ್ರು ಹೇಳ್ರಿ" ಎನ್ನುವನು. ಅವರು ಮೂಗು ಇದರದು, ಗಲ್ಲ ಅದರದು ಎಂದು ವಾದ ಮಾಡಿ ಒಬ್ಬ ಸರದಾರನನ್ನು ಆರಿಸುವರು. ಕೂದಲಿನ ಟೋಪ ರುಮಾಲಾಗುತ್ತಿತ್ತು. ಕೊರಳ ಜಾಲರಿ ಶಲ್ಯವಾಗುತ್ತಿತ್ತು. ಎದೆಯ ಬೆಳ್ಳಿ ನಕ್ಷತ್ರಕ್ಕೆ ಎರಡು ಕುಂಚದೇಟು ಕೊಟ್ಟರೆ ಲಿಂಗದ ಕರಡಿಗೆ. ಖಡ್ಗ ಬೆತ್ತವಾಯಿತು. ಹಣೆಗೆ ವಿಭೂತಿ, ಬೋಳು ಮುಖಕ್ಕೆ ಮೀಸೆ. ಯಾರೂ ಇದನ್ನು ಸುಳ್ಳು ಎನ್ನಲಿಲ್ಲ. ಕೈ ಮುಗಿಯಲು ಒಂದು ಮುಖ ಬೇಕು, ಸಿಕ್ಕಿತು. ಬಂದವಕ್ಕೆಲ್ಲ ಚೌಕಟ್ಟು ಹಾಕಿದವನು ನಾನು. ಒಬ್ಬ ಕಿರಾಣಿ ಅಂಗಡಿಯವನಂತೂ ತನ್ನ ಅಜ್ಜನನ್ನು ನೋಡಿ, "ಅಜ್ಜಾ ಇಷ್ಟ ಬೆಳ್ಳಗಿದ್ದಾಂತ ಗೊತ್ತಿದ್ದಿಲ್ಲ ನೋಡ್ರಿ" ಎಂದು ಹಿಗ್ಗಿದ.

ಎಲ್ಲರ ಹಿರಿಯರೂ ಬಂದರು. ನನ್ನದು ಬರಲಿಲ್ಲ. ಕೇಳಿದರೆ, "ರಜಾ ಬರಲಿ, ಪುರಸೊತ್ತಾಗಿ ಮಾಡೂನು. ನಿಂದು ಅಂದ್ರ ಗಡಬಡಿ ಮಾಡಾಕ ಬರ್ತೈತೇನು?" ಎನ್ನುತ್ತಿದ್ದ. ಹಾಳೆಯ ಅಳತೆ ನನಗೆ ಬಾಯಿಪಾಠವಾಗಿತ್ತು. ಹಳೆಯ ಸಾಗವಾನಿ ಬಾಗಿಲೊಂದರ ಕಟ್ಟಿಗೆ ಸಿಕ್ಕಿತು. ಬೇರೆಯವರ ಕೆಲಸ ಮುಗಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಕೊರೆದು, ಸುತ್ತಲೂ ಅರಳೆಯ ಕಾಯಿ ಬಿರಿದ ಬಳ್ಳಿ ಬರುವಂತೆ ಒಂದು ಚೌಕಟ್ಟು ಮಾಡಿದೆ. ಚಾಚಾ ಬದುಕಿದ್ದರೆ ಅವನ ಗಡ್ಡದ ಒಂದು ಕೂದಲೂ ಆ ಮೂಲೆಗಳಲ್ಲಿ ಹೋಗುತ್ತಿರಲಿಲ್ಲ. ಮನೆಯ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದೆ.

ಅವ್ವ ಬೈದಳು. "ಖಾಲಿ ಚೌಕಟ್ಟ ಗ್ವಾಡಿಗೆ ಹಾಕಬಾರದೋ. ಅದು ಯಾರನ್ನರ ಕರಿಯಾಕತ್ತಿರತೈತಿ."

"ಬರಾವ್ರು ಬರ್ತಾರ ತಡಿ" ಎಂದೆ. ಯಾರು ಎಂದು ಹೇಳಲಿಲ್ಲ. ಹಬ್ಬದ ದಿನ ತಂಬಿಗೆಯ ಜಾಗದಲ್ಲಿ ಒಮ್ಮೆಲೇ ಮುಖ ಇಟ್ಟು ಅವಳಿಗೆ ತೋರಿಸಬೇಕೆಂದಿದ್ದೆ.

ದೀಪಾವಳಿ ಹತ್ತಿರ ಬಂದಾಗ ಮಾಸ್ತರ ಧೋತರದಲ್ಲಿ ಸುತ್ತಿದ ಒಂದು ಚಿತ್ರ ತಂದ. ಬಿಚ್ಚುವಾಗ ನನ್ನ ಮುಖ ನೋಡಲಿಲ್ಲ, ಅಷ್ಟರಲ್ಲೇ ನನಗೆ ತಿಳಿಯಬೇಕಿತ್ತು. ಕೆಂಪು ಜರಿಯಂಚಿನ ರುಮಾಲು, ಬಿಳಿ ಮೀಸೆ, ಕರಡಿಗೆ. ಆ ಎಡಹುಬ್ಬು. ಸುಳ್ಳು ಏಕೆ ಹೇಳಲಿ, ಬಹಳ ಛಲೋ ಬರೆದಿದ್ದ. ಅವನು ಬರೆದದ್ದರಲ್ಲಿ ಅಷ್ಟು ಛಲೋ ಇನ್ನೊಂದಿಲ್ಲ. ಅಪ್ಪ ಎದ್ದು ಕುಳಿತ ಹಾಗಿತ್ತು.

"ಇದು ಅರಳೆ ಪ್ಯಾಟಿ ಸಾವಕಾರ್ರದು" ಎಂದ. ನಮ್ಮಪ್ಪ ದುಡಿದ ಅಂಗಡಿಯ ಸಾವಕಾರರು. ಹಳೆಯ ಅಂಗಡಿ ಕೆಡವಿ ಕಲ್ಲಿನ ಹೊಸ ಕಟ್ಟಡ ಎಬ್ಬಿಸಿದ್ದರು. ಅಂಗಡಿ ಶುರು ಮಾಡಿದ ಅಜ್ಜನ ಚಿತ್ರ ಬೇಕಾಗಿತ್ತು.

"ಅದನ್ನ ನಂದು ಅಂತ ತಗದ ಇಟ್ಟಿದ್ದೆಲ್ಲ?"

"ಇಟ್ಟಿದ್ದೆಪಾ, ಕಪಾಟದಾಗ ಬ್ಯಾರೆ ಇಟ್ಟಿದ್ದೆ. ಹಾಳಿ ಎಲ್ಲಾ ತೋರಿಸಿದೆ, ಯಾರೂ ಅವರಿಗೆ ಹಿಡಿಸವಲ್ಲರು. ಕಡೀಕೆ ತಾವ ಎದ್ದು ಕಪಾಟದಾಗ ಕೈ ಹಾಕಿ ಇದನ್ನ ಎಳದ್ರು. ನೋಡಿದಾವ್ರ ಕಣ್ಣಾಗ ನೀರು! 'ಇದ ನೋಡ್ರಿ ನಮ್ಮಜ್ಜ. ಸಣ್ಣಾಂವ ಇದ್ದಾಗ ಅಂಗಡ್ಯಾಗ ದಿನಾ ಈ ಮುಖಾ ನೋಡೇನಿ' ಅಂದ್ರು. ನಾ ಏನ ಅನ್ನಲಿ?"

ನನಗೆ ಅಲ್ಲಿಯೇ ಗೊತ್ತಾಯಿತು. ಆ ಅಜ್ಜ ತೀರಿಕೊಂಡಾಗ ಸಾವಕಾರರು ತೊಟ್ಟಿಲ ಕೂಸು. ಇದು ಪೇಟೆಗೆಲ್ಲ ತಿಳಿದ ಮಾತು. ಅವರು ಸಣ್ಣವರಾಗಿ ಅಂಗಡಿಯಲ್ಲಿ ಆಡುತ್ತಿದ್ದಾಗ ದಿನಾ ಕಂಡ ಮುಖ ತಕ್ಕಡಿಯ ಪಕ್ಕದ ಮುಖ. ನಾನು ಅಪ್ಪನನ್ನು ಕಂಡದ್ದು ಬುತ್ತಿಯ ಹೊತ್ತಿನಲ್ಲಿ. ಅವರು ಇಡೀ ದಿನ ಕಂಡಿದ್ದರು. ಆ ಲೆಕ್ಕದಲ್ಲಿಯೂ ಅವರೇ ಶ್ರೀಮಂತರು.

"ಸಿಟ್ಟ ಮಾಡಕೋಬ್ಯಾಡ" ಎಂದ ಮಾಸ್ತರ. "ಇನ್ನೊಬ್ಬ ಸರದಾರನ್ನ ತಗೋ. ನಾ ಹುಬ್ಬ ಎತ್ತಿ ಕೊಡ್ತೇನಿ."

"ನೀ ಎತ್ತಿದ ಹುಬ್ಬು ನನಗ ಬ್ಯಾಡ. ಆನಿ ಬರೀ ಅಂದ್ರ ಎಮ್ಮಿ ಬರಿಯಾಂವ ನೀ" ಎಂದುಬಿಟ್ಟೆ. ಅವನಿಗೆ ನೆನಪಿತ್ತೆಂದು ಕಾಣುತ್ತದೆ. ಚಿತ್ರವನ್ನು ಚೌಕಟ್ಟಿಗೆಂದು ನನ್ನ ಹಲಗೆಯ ಮೇಲೆಯೇ ಬಿಟ್ಟು ಎದ್ದು ಹೋದ.

ಬೇರೆ ಚೌಕಟ್ಟಿನವರು ಪೇಟೆಯಲ್ಲಿ ಇದ್ದರು, ಕೆಲಸ ಒಲ್ಲೆ ಎನ್ನಬಹುದಿತ್ತು. ಮಾವಿನ ಕಟ್ಟಿಗೆಗೆ ಪಾಲಿಶು ಬಳಿದು, ಮೂಲೆಯಲ್ಲಿ ಬೆರಳು ಹೋಗುವಂಥ ಚೌಕಟ್ಟು ಕಟ್ಟುವ ಜನ. ಅವರ ಕೈಗೆ ಅಪ್ಪನನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಹೋಗಿ ಅರಳೆ ಬಳ್ಳಿಯ ಚೌಕಟ್ಟನ್ನು ಮೊಳೆಯಿಂದ ಇಳಿಸಿದೆ. ಬೇರೆ ಗಿರಾಕಿಗಳು ಹಾಳೆಯ ಕೆಳಗಿನ ಇಂಗ್ಲಿಷು ಸಾಲು ಕತ್ತರಿಸಿ ಎಂದು ಹೇಳುತ್ತಿದ್ದರು. ಇದರದ್ದನ್ನು ನಾನು ಕತ್ತರಿಸಲಿಲ್ಲ, ಕಟ್ಟಿಗೆಯ ಒಳಗೆ ಮುಚ್ಚಿಟ್ಟೆ. ಸರದಾರನ ಹೆಸರು, ಬರೆದವನದು, ಕೊರೆದವನದು ಇಂದಿಗೂ ಅಲ್ಲಿವೆ. ಹೆಸರಿಲ್ಲದವರು ನಮ್ಮಪ್ಪ ಒಬ್ಬರೇ.

ಹೊಸ ಅಂಗಡಿಯಲ್ಲಿ ನಾನೇ ಏಣಿ ಹತ್ತಿ ಗಾದಿಯ ಮೇಲುಗಡೆ ತೂಗುಹಾಕಿದೆ. ಸಾವಕಾರರು ಒಳ್ಳೆಯ ಮನುಷ್ಯ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಕೆಳಗಿನಿಂದ ನೋಡುತ್ತ ಬಹಳ ಹೊತ್ತು ನಿಂತರು.

"ಏನ್ ಚೌಕಟ್ಟ ಮಾಡಿಯೋ! ಹತ್ತಿ ಬಿರದ ಹೊಲದಾಂಗ ಐತಿ. ನಮ್ಮಜ್ಜನ ಹುಬ್ಬ ನೋಡು, ಹೆಂಗ ಗದರಸತಾನ! ಕೂಲಿ ಎಷ್ಟ ಆತು?"

"ಇದಕ್ಕ ಕೂಲಿ ಇಲ್ರಿ."

"ಯಾಕೋ?"

"ನಮ್ಮಪ್ಪ ದುಡದ ಅಂಗಡಿ ಐತ್ರಿ."

ಅವರು ಕರಗಿದರು. ಗಾದಿಯ ಅಂಚಿನಲ್ಲಿ ಕುಳ್ಳಿರಿಸಿ ಚಹಾ ತರಿಸಿದರು. "ನಿಮ್ಮಪ್ಪ ಅಂದ್ರ ಬಂಗಾರದಂಥಾ ಮನಷ್ಯಾ. ಅವನ ತೂಕಕ್ಕ ಯಾರೂ ಎರಡನೇ ಮಾತ ಆಡತಿದ್ದಿಲ್ಲ. ದನಿ ಇನ್ನೂ ಕಿವ್ಯಾಗೈತಿ. ಮುಖಾ ಮಾತ್ರ ಎಷ್ಟ ನೆನಸಿದ್ರೂ ನೆನಪಾಗವಲ್ದು ನೋಡು."

ಅವರ ತಲೆಯ ಮೇಲೆಯೇ ಆ ಮುಖವಿತ್ತು. ಮಾತು ನನ್ನ ನಾಲಗೆಯ ತುದಿಗೆ ಬಂತು. ಹೇಳಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅವರ ಸ್ವಭಾವಕ್ಕೆ ಅವರು ಚಿತ್ರ ಇಳಿಸಿ, ತಗೋ ನಿಮ್ಮಪ್ಪನ್ನ ಒಯ್ಯಿ, ಎಂದು ನನ್ನ ಕೈಗೆ ಕೊಡುತ್ತಿದ್ದರು. ಬುತ್ತಿ ಒಯ್ದ ಅಂಗಡಿಯಿಂದ ಅಪ್ಪನನ್ನು ದಾನವಾಗಿ ಹೊತ್ತುಕೊಂಡು ಬರುವುದು ನನ್ನಿಂದಾಗದ ಕೆಲಸ. ಚಹಾ ಕುಡಿದು ಏಣಿ ಹೊತ್ತುಕೊಂಡು ಬಂದೆ.

ದೀಪಾವಳಿಯ ಅಮಾವಾಸ್ಯೆಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ, ಆಮೇಲೆ ಪಾನಸುಪಾರಿ. ಅವ್ವನನ್ನೂ ಕರೆದುಕೊಂಡು ಬಾ ಎಂದು ಸಾವಕಾರರು ಹೇಳಿ ಕಳಿಸಿದ್ದರು. ಅಪ್ಪ ಹೋದ ಮೇಲೆ ಅವಳು ಆ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ. ನಾನು ಏನೂ ಹೇಳದೆ ಕರೆದೊಯ್ದೆ. ಹಳೆಯ ಹಮಾಲರೂ ಬಂದಿದ್ದರು, ಆದರೆ ಅವರು ಗಾದಿಯ ಮುಂದೆ ತಲೆ ಎತ್ತಿ ನೋಡುವವರಲ್ಲ. ಸಾವಕಾರರ ಮಕ್ಕಳು, ಸೊಸೆಯಂದಿರು ಒಬ್ಬೊಬ್ಬರಾಗಿ ಚಿತ್ರದ ಕೆಳಗೆ ನೆಲಕ್ಕೆ ಹಣೆ ಹಚ್ಚುತ್ತಿದ್ದರು. ಒಂದು ಸಣ್ಣ ಮೊಮ್ಮಗು, "ಅಜ್ಜಾ ಯಾಕ ಸಿಟ್ಟಿಗೆದ್ದಾನ?" ಎಂದು ಕೇಳಿತು. ಅದರ ತಾಯಿ, "ನೀ ಖೋಡಿತನಾ ಮಾಡ್ತೀ ಅಂತ" ಎಂದಳು. ನಮ್ಮಪ್ಪ ನನಗೆ ಕೊಡಬೇಕಾದ ಗದರಿಕೆಯನ್ನು ಆ ಕೂಸು ತಿನ್ನುತ್ತಿತ್ತು. ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಅವ್ವ ತಲೆ ಎತ್ತಿ ನೋಡಿದಳು. ನೋಡುತ್ತಲೇ ಇದ್ದಳು. ಸಕ್ಕರೆ ಹಂಚುವವರು ಎರಡು ಸಲ ಮುಂದೆ ಬಂದು ನಿಂತರೂ ಕೈ ಚಾಚಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಹೇಳಿದಳು.

"ಕಿವಿ ತಪ್ಪ್ಯಾವ. ಅವರ ಕಿವಿ ಅಷ್ಟ ಸಣ್ಣ ಇರಲಿಲ್ಲ."

ಸರದಾರನ ಕಿವಿ ಕೂದಲಿನ ಟೋಪದೊಳಗೆ ಮುಚ್ಚಿತ್ತು. ಮೀಸೆ ಬಿಟ್ಟರೆ ಮುಖದಲ್ಲಿ ಮಾಸ್ತರ ತನ್ನ ಮನಸ್ಸಿನಿಂದ ಬರೆದದ್ದು ಆ ಕಿವಿಗಳನ್ನು ಮಾತ್ರ. ನಾನು ಅಲ್ಲಿಯೇ ರಸ್ತೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಇಂಗ್ಲಂಡ, ತಾಮ್ರದ ತಗಡು, ಕಪಾಟು, ಎಲ್ಲ. "ನಾಳೆ ಹೋಗಿ ಕೇಳ್ಲೇನು? ನೀ ಅಂದ್ರ ಕೇಳ್ತೇನಿ" ಎಂದೆ. ಅವಳು ಹೇಳಿದ್ದರೆ ಮಾನ ಬಿಟ್ಟು ಕೇಳುತ್ತಿದ್ದೆ.

"ಅಲ್ಲೇ ಇರಲಿ ಬಿಡೋ" ಎಂದಳು ಅವ್ವ. "ಆ ಅಂಗಡ್ಯಾಗ ಜಲ್ಮ ಎಲ್ಲಾ ನಿಂತಿದ್ರು. ಈಗರೆ ಗಾದಿ ಮ್ಯಾಲ ಕುಂತಾರ."

ದಾರಿಯಲ್ಲಿ ಅವಳು ಮತ್ತೆ ಅದರ ಮಾತು ತೆಗೆಯಲಿಲ್ಲ. ಎಣ್ಣೆ ಮುಗಿದಿದೆ, ತಗೊಂಡು ಹೋಗೋಣ ಎಂದಳು. ಅವಳಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಅವಳಿಗೆ ಅಪ್ಪ ಕೂಡುವುದು ಬೇಕಾಗಿತ್ತು. ನನಗೆ ನಮ್ಮ ಮನೆಯಲ್ಲಿ ಕೂಡುವುದು ಬೇಕಾಗಿತ್ತು.

ಆಮೇಲೆ ಯುದ್ಧ ಬಂತು, ಹೋಯಿತು, ಅವ್ವನೂ ಹೋದಳು. ಗೋರಾ ಸಾಹೇಬರೂ ಗಂಟು ಕಟ್ಟಿದರು. ಸ್ಟೇಶನ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋಗಳಾಗಿವೆ, ಇನ್ನು ಮುಂದೆ ಯಾರಿಗೂ ಸರದಾರರ ಮುಖ ಬೇಕಾಗುವುದಿಲ್ಲ. ಮಾಸ್ತರ ಈಗಲೂ ಬರುತ್ತಾನೆ, ಚಹಾ ಕುಡಿಯುತ್ತೇವೆ, ಚಿತ್ರದ ಮಾತು ಆಡುವುದಿಲ್ಲ. ಒಮ್ಮೆ ಉಳಿದದ್ದರಲ್ಲಿ ಇದೊಂದು ಇಟ್ಟುಕೋ ಎಂದು ಮಡಿಲಲ್ಲಿ ನಾಯಿ ಇದ್ದ ಹೆಂಗಸಿನ ಹಾಳೆ ಕೊಟ್ಟು ಹೋದ. ನಾನು ಅದಕ್ಕೆ ಚೌಕಟ್ಟು ಹಾಕಿಲ್ಲ. ದೀಪಾವಳಿಯ ಮುಂಚೆ ಪ್ರತಿ ವರ್ಷ ಅರಳೆ ಪೇಟೆಗೆ ಹೋಗಿ ಗಾಜು ಒರೆಸಿ ಬರುತ್ತೇನೆ, ಕರೆಯಲಿ ಬಿಡಲಿ. ಸಾವಕಾರರು ಅದನ್ನು ನಿಷ್ಠೆ ಎನ್ನುತ್ತಾರೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹಳೇ ಹುಬ್ಬಳ್ಳಿಯಲ್ಲಿ ಸ್ವಂತದ ಅಂಗಡಿ ಒಂದು, ಮಾಳಿಗೆಯ ಮನೆ ಒಂದು. ಗರಗಸ ಮೂರು, ಉಳಿ ಏಳು, ಗಾಜು ಕೊಯ್ಯುವ ವಜ್ರದ ಕಡ್ಡಿ ಒಂದು. ಹೆಂಡತಿ, ಗಂಡುಮಕ್ಕಳು ಇಬ್ಬರು, ಮಗಳೊಬ್ಬಳು. ನನ್ನ ಸ್ವಂತ ಫೋಟೋ ಎರಡು, ಅವ್ವನದು ಒಂದು. ಇಂಗ್ಲಂಡದ ಹೆಂಗಸಿನ ಅಚ್ಚು ಒಂದು. ಪಡಸಾಲೆಯ ಗೋಡೆಗೆ ಮೊಳೆ ಎರಡು, ಒಂದಕ್ಕೆ ಪಂಚಾಂಗ. ಹಬ್ಬಕ್ಕೆ ಹಿತ್ತಾಳೆ ತಂಬಿಗೆ ಒಂದು.